ಭೀಮಾಶಂಕರ ಬಂಗಲೆ ನೋಡಿ ಬಂದದ್ದು

ಈ ಕತೆಯಲ್ಲಿ ಒಂದಕ್ಷರವೂ ಸುಳ್ಳಲ್ಲ. ಸುಳ್ಳೇನಿದ್ದರೂ ಕತೆಯೊಳಗಿನ ಜನರ ಬಾಯಲ್ಲಿದೆ, ಅದಕ್ಕೆ ಅವರೇ ಹೊಣೆ. ಹೈದರಾಬಾದಿನ ಪಶ್ಚಿಮಕ್ಕೆ ಬಂಡೆ ಒಡೆದೊಡೆದು ಸಾಫ್ಟ್‌ವೇರ್ ಕಂಪನಿಗಳಿಗೆ ಗಾಜಿನ ಕಟ್ಟಡ ಕಟ್ಟುತ್ತಿದ್ದ ಕಾಲ ಅದು. ಅಲ್ಲಿ ಬಂಡೆ ಒಡೆದರೆ ಊರಿನ ಈ ತುದಿಯ ನಾರಾಯಣಗೂಡದಲ್ಲಿ ಬಾಡಿಗೆದಾರರ ನಿದ್ದೆ ಒಡೆಯುತ್ತಿತ್ತು. ಬಾಡಿಗೆ ಏರುತ್ತಿತ್ತು, ಬಾಡಿಗೆದಾರ ಬಾಡುತ್ತಿದ್ದ.

ಎಲ್ಲಕ್ಕೂ ಮೂಲ ಒಂದು ಭಾನುವಾರದ ಪೇಪರು.

ಉಮಾಬಾಯಿಯವರ ಹಳೇ ಮನೆಯಲ್ಲಿ ಮೇಲೆ ಉಮಾಬಾಯಿ, ಕೆಳಗೆ ಪೋರ್ಷನ್ನುಗಳು. ಪೋರ್ಷನ್ ಎಂದರೆ ಒಂದು ಕೋಣೆಗೆ ಅಡ್ಡ ಗೋಡೆ ಎಬ್ಬಿಸಿ, ಅದನ್ನು ಎರಡು ಕೋಣೆ ಎಂದು ಕರೆದು, ಮೂರು ಕೋಣೆಯ ಬಾಡಿಗೆ ವಸೂಲು ಮಾಡುವ ವಿದ್ಯೆ. ಕೆಳಗಿನವರೆಲ್ಲ ಬೀದರ, ಕಲಬುರಗಿ ಕಡೆಯವರು. ಎಲ್ಲರಿಗೂ ಸೇರಿ ಒಂದೇ ಪೇಪರು. ಅದು ಮನೆ ಮನೆ ಸುತ್ತಿ ಭೀಮಾಶಂಕರನ ಕೈಗೆ ಬರುವಾಗ ಸುದ್ದಿಯ ಹಾಳೆಗಳೆಲ್ಲ ಯಾರ್ಯಾರದೋ ಕಪಾಟಿನೊಳಗೆ ಸೇರಿ, ಜಾಹೀರಾತು ಮಾತ್ರ ಉಳಿದಿರುತ್ತಿತ್ತು.

ಭೀಮಾಶಂಕರ ನಾಚಾರಂನ ರಬ್ಬರ್ ವಾಷರ್ ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್. ಸ್ವಭಾವದಲ್ಲೂ ವಾಷರಿನಂತೆಯೇ. ಎಲ್ಲಿ ಒತ್ತಿದರೂ ಹೊಂದಿಕೊಳ್ಳುವವನು. ಆ ದಿನ ಅಂಗಳದ ಕಟ್ಟೆಯ ಮೇಲೆ ಕೂತು ಇಡೀ ಪುಟದ ಜಾಹೀರಾತನ್ನು ಗೋಡೆಗೆ ಅಂಟಿದ ಹಲ್ಲಿಯ ಹಾಗೆ ಅಲುಗಾಡದೆ ನೋಡುತ್ತಿದ್ದ. ಹಸಿರು ಹುಲ್ಲು, ಬಿಳಿ ಬಂಗಲೆ, ಮೆಟ್ಟಿಲ ಮೇಲೆ ನಗುವ ಹೆಂಡತಿ. ಮೇಲೆ ದಪ್ಪ ಅಕ್ಷರದಲ್ಲಿ: ‘ಇಂದ್ರಲೋಕ. ದುಡ್ಡಿನ ಮಾತು ಆಮೇಲೆ. ನೀವು ಎಂಥಲ್ಲಿ ಬಾಳಬೇಕು, ಅದನ್ನು ಹೇಳಿ.’

ಎದುರು ಪೋರ್ಷನ್ನಿನ ಮಹೇಶಕುಮಾರ ಚಹಾ ಹಿಡಿದು ಬಂದು ಹೆಗಲ ಮೇಲಿಂದ ಇಣುಕಿದ. ಅವನು ಅಲ್ಲೇ ಪಕ್ಕದ ಕೋಚಿಂಗ್ ಸೆಂಟರಿನಲ್ಲಿ ಗುಮಾಸ್ತ. ಅವನ ಗಂಟಲೊಳಗೆ ಹತ್ತಾರು ಜನ ಬಾಡಿಗೆಗಿದ್ದರು. ಪ್ರಿನ್ಸಿಪಾಲರ ದನಿಯಲ್ಲಿ ಫೋನ್ ಮಾಡಿ ಮಾಸ್ತರರಿಗೆ ರಜೆ ಕೊಟ್ಟು, ಮಾಸ್ತರರ ದನಿಯಲ್ಲಿ ಪ್ರಿನ್ಸಿಪಾಲರಿಗೆ ಧನ್ಯವಾದ ಹೇಳಿದ ಖ್ಯಾತಿ ಅವನದು.

“ರೊಕ್ಕದ ಚಿಂತಿ ಇಲ್ಲಂದ್ರ ಯಾರ್ಯಾರು ಎಲ್ಲೆಲ್ಲಿ ಇರ್ತೀರಿ, ಹೇಳ್ರಿ ನೋಡೋಣ” ಎಂದ ಮಹೇಶ.

ಅವನ ಹೆಂಡತಿ ಅನುರಾಧಾ ಲಂಡನ್ ಎಂದಳು. ಮಹೇಶ ತಾನು ಇದೇ ಊರಿನ ಜುಬಿಲಿ ಹಿಲ್ಸ್ ಎಂದ. ಗಂಡಹೆಂಡಿರು ಬೇರೆ ಬೇರೆ ದೇಶದಲ್ಲಿರಬಹುದೆಂದು ಇಬ್ಬರಿಗೂ ಸಮಾಧಾನವಾಯಿತು. ಭೀಮಾಶಂಕರನ ಹೆಂಡತಿ ಸುವರ್ಣಾ, “ನಳ ಮನಿಯೊಳಗ ಇದ್ರ ಸಾಕವ್ವಾ, ಎಲ್ಲಿದ್ರೇನು” ಎಂದಳು.

“ನೀ ಹೇಳು ಭೀಮಣ್ಣಾ.”

ಭೀಮಾಶಂಕರ ಪೇಪರನ್ನು ತೊಡೆಯ ಮೇಲಿಟ್ಟ. “ಮನಿಗೆ ಯಾರರ ಬಂದ್ರ, ‘ಯಾವಾಗ ಹೋಗ್ತಾರ’ ಅಂತ ಕೇಳೋರು ಇರಬಾರದು. ಅಂಥಾ ಮನಿ ಗುಡಿಸಲಿದ್ರೂ ನಡೀತೈತಿ.”

ಮೇಲಿನ ಕಿಟಕಿಯಿಂದ ಉಮಾಬಾಯಿಯವರ ದನಿ ಕೆಳಗಿಳಿಯಿತು. “ನಾ ಕೇಳೂದು ನೀರಿನ ಸಲುವಾಗಿ, ಭೀಮಾಶಂಕರ. ಮಂಜೀರಾ ಹೊಳಿ ನೀರು ದಿನಾ ಬಿಡಾಂಗಿಲ್ಲ. ನಿಮ್ಮ ಬೀಗರು ಮಾತ್ರ ದಿನಾ ಬರ್ತಾರ.”

ಭೀಮಾಶಂಕರನ ಮುಖ ಚಹಾದಲ್ಲಿ ಅದ್ದಿದ ಬಿಸ್ಕಿಟಿನಂತೆ ಜಾರಿತು. ಕಾರಣವಿತ್ತು. ಮರುದಿನವೇ ಭಾಲ್ಕಿಯಿಂದ ಅವನ ಅಕ್ಕ ಸುಗಲಮ್ಮ ರೈಲಿಗೆ ಬರುವವಳಿದ್ದಳು. ಎರಡೂ ಕಣ್ಣಿಗೆ ಮೋತಿಬಿಂದು. ಆಪರೇಶನ್ ಆಗಿ, ಹನಿ ಹಾಕಿಸಿಕೊಂಡು, ಕಪ್ಪು ಕನ್ನಡಕ ಹಾಕಿ ತಿಂಗಳಾದರೂ ಇರಬೇಕು. ಉಮಾಬಾಯಿಯವರ ಮನೆಯಲ್ಲಿ ಬೀಗರಿಗೆ, ಅಂದರೆ ಬಂದ ನೆಂಟರಿಗೆ, ಎರಡು ದಿನದ ಮಾಫಿ. ಮೂರನೆಯ ದಿನ ಅವರೇ ಮೆಟ್ಟಿಲಿಳಿದು ಬಂದು ಬೀಗರನ್ನೇ ಕೇಳುತ್ತಿದ್ದರು. ಅಪ್ಪಣೆ ಬೇಡಲು ಭೀಮಾಶಂಕರ ಒಂದು ವಾರದಿಂದ ಮೆಟ್ಟಿಲ ಅರ್ಧಕ್ಕೆ ಹೋಗಿ, ಬಟ್ಟೆ ಒಣಗಿದೆಯೇ ಎಂದು ನೋಡಿದಂತೆ ಮಾಡಿ ವಾಪಸು ಬರುತ್ತಿದ್ದ. ಇವತ್ತು ಕೇಳಲೇಬೇಕಿತ್ತು. ಕೇಳುವ ಮುಂಚೆಯೇ ಬಾಯಿ ಜಾರಿತ್ತು.

ಮಹೇಶನ ತಲೆಯೊಳಗೆ ಮಿಂಚು ಹೊಡೆದದ್ದು ಆಗಲೇ. ಪೇಪರಿನಲ್ಲಿದ್ದ ನಂಬರನ್ನು ನೋಡಿಕೊಂಡ, ಮೊಬೈಲು ಹಿಡಿದು ಗೇಟಿನ ಹೊರಗೆ ಹೋದ, ಗಂಟಲು ಸರಿಮಾಡಿಕೊಂಡು ಸೆಕ್ರೆಟರಿಯಾದ. “ಹಲೋ, ಹುಮನಾಬಾದಿನ ದಾಲ್‌ಮಿಲ್ ಭೀಮಾಶಂಕರ ಸಾಹುಕಾರ್ರ ಸೆಕ್ರೆಟರಿ ಮಾತಾಡಾಕತ್ತೀನಿ. ಸಾಹುಕಾರ್ರು ಒಂದು ಬಂಗಲೆ ನೋಡಬೇಕಂದಾರ. ಸಣ್ಣದು ತೋರಿಸಿ ಸಿಟ್ಟಿಗೆಬ್ಬಿಸಬ್ಯಾಡ್ರಿ. ಭಾಳ ಸಾದಾ ಮನುಷ್ಯಾ, ಹವಾಯಿ ಚಪ್ಪಲಿ ಹಾಕ್ಕೊಂಡು ಬರ್ತಾರ. ‘ನಾ ಬಡವ ಅದೀನಿ’ ಅಂತಾರ. ಎದುರಿನವರು ಹ್ಯಾಂಗ ಮಾತಾಡ್ತಾರ ಅಂತ ನೋಡೂದು ಅವರ ಚಟ.”

ಒಳಗೆ ಬಂದು ಭೀಮಾಶಂಕರನಿಗೆ ಹೇಳಿದ್ದೇ ಬೇರೆ. “ಕಂಪನಿಯವರು ಸರ್ವೇ ಮಾಡಾಕತ್ತಾರಣ್ಣಾ. ಸಾದಾ ಮಂದಿಗೆ ಎಂಥಾ ಮನಿ ಬೇಕು ಅಂತ ಕೇಳ್ತಾರ. ಎಸಿ ಕಾರು, ಮ್ಯಾಲೆ ಊಟ. ನಿನ್ನ ಹೆಸರು ಕೊಟ್ಟೀನಿ.”

“ಇವತ್ತ ಉಮಾಬಾಯಾರಿಗೆ ಅಕ್ಕನ ವಿಷಯ ಕೇಳ್ಬೇಕಲ್ಲೋ.”

“ನಾ ಅದೀನಲ್ಲ. ನೀ ಬರೂದರೊಳಗ ಬಾಯಾರನ್ನ ಬೆಣ್ಣಿ ಮಾಡಿರ್ತೀನಿ.”

ಭೀಮಾಶಂಕರನಿಗೆ ಹೋದ ಜೀವ ಬಂದಂತಾಯಿತು. ಮೆಟ್ಟಿಲು ಹತ್ತುವ ಕೆಲಸ ಇನ್ನೊಬ್ಬರ ಕಾಲಿಗೆ ಬಿದ್ದರೆ ಇಂದ್ರಲೋಕಕ್ಕೇನು, ಯಮಲೋಕಕ್ಕೂ ಅವನು ಸಿದ್ಧ. ಅಕ್ಕನ ಸೈಟು ಕೆಟ್ಟಿದ್ದ ಹೊತ್ತಿನಲ್ಲಿ ತಮ್ಮ, ಹೆಂಡತಿಯನ್ನೂ ಕರೆದುಕೊಂಡು, ಸೈಟು ನೋಡಲು ಹೊರಟ.

ಗಲ್ಲಿಯೊಳಗೆ ಕಾರು ತರಬೇಡಿ ಎಂದು ‘ಸೆಕ್ರೆಟರಿ’ ಮೊದಲೇ ಹೇಳಿದ್ದರಿಂದ ಕಾರು ದೊಡ್ಡ ರಸ್ತೆಯ ವೃತ್ತದಲ್ಲಿ ಕಾಯುತ್ತಿತ್ತು. ಕಾರಿನ ಬಾಗಿಲು ಹಿಡಿದು ನಿಂತವನು ಟೈ ಕಟ್ಟಿದ ತರುಣ, ಹೆಸರು ಗೋಪಿನಾಥ, ಊರು ಸಿಂಧನೂರು. ಕನ್ನಡದ ಗಿರಾಕಿ ಬಂದರೆ ಕಂಪನಿ ಅವನನ್ನೇ ಕಳಿಸುತ್ತಿತ್ತು. ಭೀಮಾಶಂಕರನ ಜೇಬಿನ ಮೇಲಿನ ಶಾಯಿಯ ಕಲೆ, ಸವೆದ ಹವಾಯಿ, ಸುವರ್ಣಾಳ ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲ ನೋಡಿ ಅವನ ಕಣ್ಣು ಅರಳಿತು. ಸಿಂಧನೂರು ಕಡೆಯ ಭತ್ತದ ಸಾಹುಕಾರರನ್ನು ನೋಡಿ ಬೆಳೆದವನು ಅವನು. ಇಸ್ತ್ರಿ ಮಾಡಿದ ಅಂಗಿ ಹಾಕಿದವನು ಕಂತಿನ ಗಿರಾಕಿ, ಹರಿದ ಬನಿಯನ್ನಿನವನು ನಗದು ಗಿರಾಕಿ ಎಂಬುದು ಅವನ ಅನುಭವ. ಇಷ್ಟು ಸವೆದ ಚಪ್ಪಲಿಯನ್ನು ಅವನು ಈವರೆಗೆ ನೋಡಿರಲಿಲ್ಲ.

“ಬರ್ರಿ ಸಾಹುಕಾರ್ರ.”

“ನಾ ಸಾಹುಕಾರ ಅಲ್ರಿ. ಸ್ಟೋರ್‌ಕೀಪರ್ ಅದೀನಿ.”

“ಗೊತ್ತೈತ್ರಿ” ಎಂದು ಗೋಪಿನಾಥ ಕಣ್ಣು ಮಿಟುಕಿಸಿದ. “ದೊಡ್ಡವರೆಲ್ಲಾ ಹಿಂಗ ಹೇಳ್ತಾರ್ರಿ. ಹೋದ ತಿಂಗಳ ಒಬ್ಬರು ‘ನಾ ಎಮ್ಮಿ ಕಾಯಾಂವ’ ಅಂದಿದ್ರು. ಎರಡು ಬಂಗಲೆ ಬರೆಸಿಕೊಂಡು ಹೋದ್ರು.”

ಕಾರು ಊರು ದಾಟಿತು. ಗಾಜಿನ ಕಟ್ಟಡಗಳು ಒಂದರ ಮುಖ ಒಂದು ನೋಡಿಕೊಂಡು ನಿಂತಿದ್ದವು. ಅವುಗಳ ಬುಡದಲ್ಲಿ ಕಲಬುರಗಿ, ಯಾದಗಿರಿ ಕಡೆಯ ಹೆಂಗಸರು ತಲೆಯ ಮೇಲೆ ಸಿಮೆಂಟಿನ ಬುಟ್ಟಿ ಹೊತ್ತು ಸಾಗುತ್ತಿದ್ದರು. ಒಬ್ಬಳು ತಮ್ಮೂರ ಕಡೆಯ ಸೀರೆಯ ಕಚ್ಚೆ ಹಾಕಿದ್ದಳೆಂದು ಸುವರ್ಣಾ ಗುರುತಿಸಿ ಕೈ ಬೀಸಿದಳು. ಎಸಿ ಕಾರಿನ ಕಪ್ಪು ಗಾಜಿನೊಳಗಿನ ಕೈ ಹೊರಗಿನವಳಿಗೆ ಕಾಣಲಿಲ್ಲ.

ಲಿಂಗಂಪಲ್ಲಿ ದಾಟಿ ಇನ್ನೂ ಮುಂದೆ, ಬಂಡೆಗಳ ನಡುವೆ, ಇಂದ್ರಲೋಕ. ಕಟ್ಟಿ ಮುಗಿದದ್ದು ಒಂದೇ ಒಂದು ಸ್ಯಾಂಪಲ್ ಬಂಗಲೆ. ಉಳಿದದ್ದೆಲ್ಲ ಸುಣ್ಣದ ಗೆರೆ. ಸುಣ್ಣದ ಗೆರೆಯೊಳಗೆ ನಿಂತು “ಇದು ಈಜುಕೊಳ, ಇದು ಮಕ್ಕಳ ಪಾರ್ಕು” ಎಂದು ಗೋಪಿನಾಥ ವಿವರಿಸಿದ. ಈಜುಕೊಳದ ಜಾಗದಲ್ಲಿ ಒಂದು ಆಡು ಮಲಗಿತ್ತು. ಅದು ಏಳಲಿಲ್ಲ.

ಬಂಗಲೆಯ ಬಾಗಿಲಲ್ಲಿ ತೆಲುಗಿನ ಮ್ಯಾನೇಜರು ಹೂಗುಚ್ಛ ಕೊಟ್ಟು, “ಮೀ ಇಲ್ಲೇ ಅನುಕೋಂಡಿ” ಎಂದ. ನಿಮ್ಮದೇ ಮನೆ ಎಂದುಕೊಳ್ಳಿ ಎಂದರ್ಥ. ಈ ಮಾತೇ ಮುಂದೆ ಅವನ ಕುತ್ತಿಗೆಗೆ ಬಂತು.

ಒಳಗೆ ಎಲ್ಲವೂ ಇತ್ತು, ಯಾವುದೂ ಇರಲಿಲ್ಲ. ಟಿವಿಯ ಹೊಟ್ಟೆ ರಟ್ಟಿನದು. ಸೇಬು ಪ್ಲಾಸ್ಟಿಕ್ಕಿನದು. ಸುವರ್ಣಾ ಬಲಗಾಲಿಟ್ಟು ಒಳಬಂದವಳೇ ಅಡುಗೆಮನೆಗೆ ಹೋಗಿ ನಳ ತಿರುಗಿಸಿದಳು. ಎಷ್ಟು ತಿರುಗಿಸಿದರೂ ನಳ ಕಲ್ಲಿನ ನಂದಿಯ ಹಾಗೆ ಬಾಯಿ ಬಿಡಲಿಲ್ಲ.

“ನಳ ಮನಿಯೊಳಗೇನೋ ಐತಿ” ಎಂದಳು ಗಂಡನಿಗೆ ಮೆಲ್ಲಗೆ. “ನೀರಿಗೆ ಉಮಾಬಾಯಿ ಕಡೇನೇ ಹೋಗ್ಬೇಕು.” ಆಮೇಲೆ ಗೋಪಿನಾಥನತ್ತ ತಿರುಗಿ ಕೇಳಿದಳು. “ಅಲ್ರಿ, ಒಲಿ ಮುಂದ ನಿಂತಾಗ ಉಪ್ಪು ಮುಗದ್ರ, ಬಾಜೂ ಮನಿಯವರನ್ನ ಹ್ಯಾಂಗ ಕರೀಬೇಕ್ರಿ?”

“ಬಾಜೂ ಮನಿ ದೂರ ಇರ್ತೈತ್ರಿ ಅಮ್ಮಾರ. ಇಂಟರ್‌ಕಾಮ್ ಕೊಡ್ತೀವಿ.”

“ಇಂಟರ್‌ಕಾಮಿನ್ಯಾಗ ಉಪ್ಪು ಬರ್ತೈತೇನ್ರಿ?”

ಮ್ಯಾನೇಜರು ನಕ್ಕ. ಶ್ರೀಮಂತರ ಹೆಂಡಿರು ಏನು ಹೇಳಿದರೂ ನಗುವುದು ಅವನ ಸಂಬಳದಲ್ಲಿ ಸೇರಿತ್ತು. ಸಾಹುಕಾರರಿಗೆ ಏನು ಬೇಕೋ ಕೇಳಲಿ ಎಂದ.

ಭೀಮಾಶಂಕರನಿಗೆ ಬೇಕಿದ್ದದ್ದು ಒಂದೇ. “ನಮ್ಮ ಅಕ್ಕ ಬಂದು ತಿಂಗಳ ಇದ್ರ, ಇಲ್ಲಿ ಯಾರರ ಏನರ ಕೇಳ್ತಾರೇನ್ರಿ?”

ಮ್ಯಾನೇಜರಿಗೆ ಇದು ಭದ್ರತೆಯ ಪ್ರಶ್ನೆಯಾಗಿ ಕಂಡಿತು. ಹೆಮ್ಮೆಯಿಂದ ವಿವರಿಸಿದ, ಗೋಪಿನಾಥ ಕನ್ನಡಕ್ಕೆ ತಂದ. “ಚಿಂತೀ ಬಿಡ್ರಿ. ಗೇಟಿನ್ಯಾಗ ಗಾರ್ಡ್ ಇರ್ತಾನ. ಯಾರು ಬಂದ್ರು, ಯಾರ ಮನಿಗೆ, ಯಾವಾಗ ಹೋಗ್ತಾರ, ಎಲ್ಲಾ ಕೇಳಿ ಬರಕೊಂಡೇ ಒಳಗ ಬಿಡ್ತಾನ.”

ಭೀಮಾಶಂಕರ ನಿಟ್ಟುಸಿರುಬಿಟ್ಟ. “ಅಂದ್ರ ಇಲ್ಲೂ ಒಬ್ಬ ಉಮಾಬಾಯಿ ಅದಾಳ. ಟೊಪಗಿ ಹಾಕ್ಯಾಳ, ಅಷ್ಟ.”

ಸಾಹುಕಾರರ ಮುಖ ಬಾಡಿದ್ದು ನೋಡಿ ಮ್ಯಾನೇಜರಿಗೆ ಕಂಪನಿಯೇ ಬಾಡಿದಂತಾಯಿತು. ಈ ಬಂಗಲೆಗೆ ಬೇರೆಯೇ ಗೇಟು, ಗಾರ್ಡು ಇಲ್ಲ ಎಂದು ತಕ್ಷಣ ಘೋಷಿಸಿದ. ಎರಡು ನಿಂಬೆ ಶರಬತ್ತು ತರಿಸಿದ. ಅದು ಮುಗಿದ ಮೇಲೆ ಮಜ್ಜಿಗೆ, ಆಮೇಲೆ ಎಳನೀರು. ಬೇಡ ಎನ್ನುವುದು ಭೀಮಾಶಂಕರನಿಗೆ ಹುಟ್ಟಿನಿಂದ ಬಂದಿರಲಿಲ್ಲ. ಸ್ವಲ್ಪ ಹೊತ್ತಿಗೆ ಅವನು ಒಂದೊಂದೇ ಕಾಲ ಮೇಲೆ ನಿಲ್ಲತೊಡಗಿದ. ಒಂದು ಬಾಗಿಲು ತೆರೆದು ನೋಡಿದರೆ ಬೆಳ್ಳಗೆ ಹೊಳೆಯುವ ಕಮೋಡು. ನಿಮ್ಮದೇ ಮನೆ ಎಂದುಕೊಳ್ಳಿ ಎಂದಿದ್ದರಲ್ಲ, ಎಂದುಕೊಂಡ.

ಕಮೋಡು ಟಿವಿಯ ಜಾತಿಯದೇ ಆಗಿತ್ತು. ಅದರ ಕೆಳಗೆ ಪೈಪು ಇರಲಿಲ್ಲ. ಬಾಗಿಲ ಸಂದಿಯಿಂದ ಹೊರಬಂದ ಸಣ್ಣ ಹೊಳೆ ಹಾಲಿನ ಬಿಳಿ ನೆಲಹಾಸಿನ ಕಡೆ ಸಾವಕಾಶ ಹರಿಯಿತು. ಬೇರೆ ಗಿರಾಕಿಗಳ ಒಂದು ಕುಟುಂಬ ಅದಕ್ಕೆ ದಾರಿ ಬಿಟ್ಟು ನೋಡಿತು. ಸುವರ್ಣಾ ಗೋಡೆಯತ್ತ ತಿರುಗಿ ಚಿತ್ರಪಟ ನೋಡುತ್ತ ನಿಂತಳು.

ಹೊರಬಂದ ಭೀಮಾಶಂಕರ ಕೈ ಮುಗಿದ. “ತಪ್ಪಾತ್ರಿ. ನಾನೇ ಒರಸ್ತೀನಿ, ಒಂದು ಅರಿವಿ ಕೊಡ್ರಿ.”

ಮ್ಯಾನೇಜರಿಗೆ ಅಳು ಬಂದಿತ್ತು, ಆದರೆ ನಕ್ಕ. ಗೋಪಿನಾಥನ ಕಣ್ಣಲ್ಲಿ ಮಾತ್ರ ಭಕ್ತಿಯೇ ಉಕ್ಕಿತು. “ನೋಡ್ರಿ, ಎಂಥಾ ದೊಡ್ಡ ಗುಣ. ತಾವೇ ಒರಸ್ತಾರಂತ. ಇರ್ಲಿ ಬಿಡ್ರಿ ಸಾಹುಕಾರ್ರ, ಮನಿ ನಿಮ್ಮದಾಗೂ ಲಕ್ಷಣ ಇದು.”

ಊಟವಾದ ಮೇಲೆ ಸಹಿಯ ಮಾತು ಬಂತು. ಭೀಮಾಶಂಕರ ಇದ್ದದ್ದನ್ನು ಇದ್ದಂತೆ ಹೇಳಿದ. ನನ್ನ ಕಡೆ ರೊಕ್ಕ ಇಲ್ಲ ಎಂದ. ಮ್ಯಾನೇಜರು ರೇಟು ಇಳಿಸಿದ. ನಾನು ಸರ್ವೇಗೆ ಬಂದವನು ಎಂದ; ಕಾರು ನಿಲ್ಲಿಸುವ ಜಾಗ ಪುಕ್ಕಟೆ ಎಂದರು. ಖರೇನೇ ಇಲ್ಲ, ಅಕ್ಕನ ಆಣೆ ಎಂದ. ಇಂಥ ಚೌಕಾಸಿಗಾರನನ್ನು ತನ್ನ ಸರ್ವಿಸಿನಲ್ಲೇ ನೋಡಿಲ್ಲವೆಂದು ಮ್ಯಾನೇಜರು ತಲೆದೂಗಿದ.

“ಒಂದು ಮಾತು ಬಿಚ್ಚಿ ಹೇಳ್ರಿ” ಎಂದು ಗೋಪಿನಾಥ ಪಕ್ಕಕ್ಕೆ ಕರೆದ. “ನಿಮಗ ಅಡ್ಡ ಯಾರದು ಐತಿ?”

ಬೆಳಗಿನಿಂದ ಯಾರೂ ಇಷ್ಟು ಮೃದುವಾಗಿ ಕೇಳಿರಲಿಲ್ಲ. ಭೀಮಾಶಂಕರ ಇದ್ದದ್ದನ್ನೆಲ್ಲ ಬಿಚ್ಚಿಟ್ಟ. “ನಮ್ಮ ಮನಿ ಮ್ಯಾಲೆ ಉಮಾಬಾಯಿ ಅಂತ ಅದಾರ್ರಿ. ಎಲ್ಲಾ ಅವರ ಕೈಯಾಗೈತಿ. ಅವರು ಹ್ಞೂಂ ಅಂದುಬಿಟ್ರ ನನಗ ಮತ್ತೇನೂ ಬ್ಯಾಡ.”

ಬೀಗದ ಕೈ ಯಾರ ಸೆರಗಿನಲ್ಲಿದೆಯೆಂದು ಗೋಪಿನಾಥನಿಗೆ ಈಗ ತಿಳಿಯಿತು. “ಹಂಗಾರ ನಡೀರಿ, ಈಗಿಂದೀಗ ಬಾಯಾರ ಕಾಲು ಹಿಡಿಯೋಣ.” ಬೇಡ, ವೃತ್ತದಲ್ಲೇ ಇಳಿಯುತ್ತೇವೆ ಎಂದರೂ ಕೇಳದೆ, ಒಂದು ಕೈಯಲ್ಲಿ ಸಿಹಿಯ ಡಬ್ಬಿ, ಇನ್ನೊಂದರಲ್ಲಿ ಇಂದ್ರಲೋಕದ ಬಣ್ಣದ ಪುಸ್ತಕ ಹಿಡಿದು ಕಾರು ಹತ್ತಿಸಿದ.

ಸಂಜೆ ಬಿಳಿ ಕಾರು ಗಲ್ಲಿ ಹೊಕ್ಕಾಗ ಇಡೀ ಮನೆ ಕಟ್ಟೆಯ ಮೇಲೆ ಕಾದು ಕೂತಿತ್ತು. ಮಹೇಶ ಮಧ್ಯಾಹ್ನವೆಲ್ಲ ತನ್ನ ಫೋನಿನ ಕತೆ ಹೇಳಿ ನಗಿಸಿ ಜನ ಸೇರಿಸಿದ್ದ. ಆಚೆ ಗಲ್ಲಿಯವರೂ ಗೋಡೆ ಹತ್ತಿದ್ದರು. ಗೋಪಿನಾಥ ಇಳಿದು ಬಾಗಿಲು ತೆಗೆದು, “ಸಾವಕಾಶ ಇಳೀರಿ ಸಾಹುಕಾರ್ರ” ಎಂದದ್ದೇ ತಡ, ಮಹೇಶ ಎದ್ದು ನಿಂತು, ಗಂಟಲು ಸರಿಮಾಡಿ, ಅದೇ ದನಿಯಲ್ಲಿ ಶುರುಮಾಡಿದ. “ಹಲೋ, ಹುಮನಾಬಾದಿನ ದಾಲ್‌ಮಿಲ್ ಭೀಮಾಶಂಕರ ಸಾಹುಕಾರ್ರ ಸೆಕ್ರೆಟರಿ ಮಾತಾಡಾಕತ್ತೀನಿ.”

ಕಟ್ಟೆ ಕುಸಿಯುವಂತೆ ಜನ ನಕ್ಕರು. ಗೋಪಿನಾಥ ಒಮ್ಮೆ ಮಹೇಶನ ಬಾಯಿ ನೋಡಿದ, ಒಮ್ಮೆ ಭೀಮಾಶಂಕರನ ಚಪ್ಪಲಿ ನೋಡಿದ. ಚಪ್ಪಲಿ ಈಗ ಬರೀ ಸವೆದ ಚಪ್ಪಲಿಯಾಗಿತ್ತು. ಸುವರ್ಣಾ ತಲೆ ತಗ್ಗಿಸಿ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಅನುರಾಧಾ ಮಾತ್ರ ನಗುವುದನ್ನು ನಿಲ್ಲಿಸಿ ಗಂಡನ ತೋಳು ಎಳೆದಳು. ಅವನು ಕೊಡವಿಕೊಂಡ.

ಭೀಮಾಶಂಕರನಿಗೆ ಸಿಟ್ಟು ಬರಲು ಪುರಸೊತ್ತಿರಲಿಲ್ಲ. ನಗುವಿನ ನಡುವೆಯೇ ಮಹೇಶನ ಹತ್ತಿರ ಹೋಗಿ ಮೆಲ್ಲಗೆ ಕೇಳಿದ. “ಇರ್ಲಿ ತಮ್ಮಾ. ಬಾಯಾರಿಗೆ ಕೇಳಿದೇನು? ಏನಂದ್ರು?”

“ಏನು ಕೇಳೂದು?”

“ಅಕ್ಕನ ವಿಷಯ.”

“ಅಯ್ಯ, ಅದು ಮರತೇ ಹೋತು ನೋಡಣ್ಣಾ” ಎಂದು ಮಹೇಶ ಮತ್ತೆ ಸೆಕ್ರೆಟರಿಯ ದನಿ ತೆಗೆಯಲು ತಿರುಗಿದ.

ಈ ನಡುವೆ ಗೋಪಿನಾಥ ಹೋಗಬೇಕಾದವನು ಹೋಗಿರಲಿಲ್ಲ. ಇಡೀ ದಿನದ ಪೆಟ್ರೋಲು, ಊಟ, ಒಂದು ನೆಲಹಾಸು. ಬರಿಗೈಲಿ ವಾಪಸು ಹೋದರೆ ನೌಕರಿಗೇ ಕುತ್ತು. ಹಾಗೆ ನಿಂತವನ ಕಣ್ಣು ಚಪ್ಪಲಿಯಿಂದ ನೆಲಕ್ಕೆ, ನೆಲದಿಂದ ಅಂಗಳಕ್ಕೆ, ಅಂಗಳದಿಂದ ಬೇವಿನ ಮರದಾಚೆಯ ಗೋಡೆಗೆ ಹೋಯಿತು. ಎರಡು ಬದಿಗೆ ರಸ್ತೆ. ಮೂಲೆಯ ಜಾಗ. ಹಿಂದೆ ಕಾಲೇಜು. ಅವನ ಬೆನ್ನು ನೆಟ್ಟಗಾಯಿತು.

“ಮ್ಯಾಲಿನ ಉಮಾಬಾಯಿ ಅಂದ್ರಲ್ಲ” ಎಂದು ಭೀಮಾಶಂಕರನನ್ನು ಕೇಳಿದ. “ಈ ಜಾಗದ ಮಾಲಕರು ಅವರೇ ಏನ್ರಿ?”

“ಹೌದ್ರಿ. ಯಾಕ್ರಿ?”

ಗೋಪಿನಾಥ ಟೈ ಬಿಗಿ ಮಾಡಿಕೊಂಡು, ಡಬ್ಬಿ ಪುಸ್ತಕಗಳೊಂದಿಗೆ ಮೆಟ್ಟಿಲು ಹತ್ತಿಹೋದ. ಭೀಮಾಶಂಕರ ಒಂದು ವಾರದಲ್ಲಿ ಮುಗಿಸಲಾರದ ಮೆಟ್ಟಿಲನ್ನು ಅವನು ಎರಡೆರಡಾಗಿ ದಾಟಿದ.

ಕೆಳಗೆ ಚಹಾ ಬಂತು. ಕಮೋಡಿನ ಕತೆಯನ್ನು ಕಂಪನಿ ಕಾರಿನ ಡ್ರೈವರು ಹೇಳಿದ್ದರಿಂದ ಮಹೇಶನ ಆಟಕ್ಕೆ ಹೊಸ ಅಂಕ ಸಿಕ್ಕಿತು. ಹೊಳೆ ಹರಿದದ್ದನ್ನು ಕೈಯಲ್ಲಿ, ಮ್ಯಾನೇಜರ ಅಳುನಗುವನ್ನು ಮುಖದಲ್ಲಿ ಮಾಡಿ ತೋರಿಸಿದ. ಕತ್ತಲಾಗುವವರೆಗೂ ನಗು ನಿಲ್ಲಲಿಲ್ಲ. ನಿಂತದ್ದು ಉಮಾಬಾಯಿಯವರು ಮೆಟ್ಟಿಲಿಳಿದು ಬಂದಾಗ. ಅವರ ಮುಖದ ಮೇಲೆ ಯಾರೂ ಎಂದೂ ಕಾಣದ ವಸ್ತುವೊಂದಿತ್ತು. ಅದು ಮುಗುಳುನಗೆ. ಹಿಂದೆ ಗೋಪಿನಾಥ ಡಬ್ಬಿ ತೆರೆದು ಹಿಡಿದಿದ್ದ.

“ಎಲ್ಲಾರೂ ಬಾಯಿ ಸಿಹಿ ಮಾಡ್ಕೋರಿ” ಎಂದರು ಉಮಾಬಾಯಿ. “ಮನಿ ಡೆವಲಪ್‌ಮೆಂಟಿಗೆ ಕೊಟ್ಟೆ. ಇದನ್ನ ಕೆಡವಿ ಫ್ಲಾಟ್ ಕಟ್ತಾರಂತ, ಅರ್ಧ ನನಗ, ಅರ್ಧ ಅವರಿಗೆ. ನಮ್ಮ ಅಳಿಯ ರಾಮದಾಸ ಎಂದಿನಿಂದಲೋ ಗಂಟು ಬಿದ್ದಿದ್ದ, ನಂಬಿಗಸ್ತ ಮಂದಿ ಸಿಕ್ಕಿರಲಿಲ್ಲ. ಫೋನಿನ್ಯಾಗ ಅವನೂ ಒಪ್ಯಾನ. ಬರೂ ತಿಂಗಳ ಎಲ್ಲಾರೂ ಖಾಲಿ ಮಾಡ್ಬೇಕು.”

ಮಹೇಶನ ಬಾಯಲ್ಲಿದ್ದ ಪೇಡಾ ಅಲ್ಲೇ ನಿಂತಿತು. “ಬಾಯಾರ, ಮಸ್ಕಿರಿ ಮಾಡಬ್ಯಾಡ್ರಿ.”

“ಮಸ್ಕಿರಿ ನಿನ್ನ ಧಂದೆ. ನಾ ಮಾತು ಕೊಟ್ಟಾಗೈತಿ.”

“ಈ ರೇಟಿಗೆ ನಾರಾಯಣಗೂಡದಾಗ ನಮಗ ಯಾರು ಮನಿ ಕೊಡ್ತಾರ್ರಿ? ಸಾಫ್ಟ್‌ವೇರ್ ಹುಡುಗರು ಬಂದು…” ಹತ್ತು ಜನರ ದನಿ ಬಲ್ಲವನಿಗೆ ಆ ಕ್ಷಣ ತನ್ನ ದನಿಯೇ ಹೊರಡಲಿಲ್ಲ.

ಗೋಪಿನಾಥ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದ. ಅದರಲ್ಲಿ ಅಣಕವಿರಲಿಲ್ಲ, ಖರೇ ಕೃತಜ್ಞತೆ. “ಸೆಕ್ರೆಟರಿ ಸಾಹೇಬ್ರ, ನೀವು ಫೋನ್ ಮಾಡ್ಲಿಲ್ಲಂದ್ರ ಈ ಗಲ್ಲಿ ನಮ್ಮ ಕಣ್ಣಿಗೇ ಬೀಳ್ತಿರಲಿಲ್ಲ ನೋಡ್ರಿ.”

ಕಟ್ಟೆಯ ಮೇಲಿನವರೆಲ್ಲ ಮಹೇಶನತ್ತ ತಿರುಗಿದರು. ಮಧ್ಯಾಹ್ನವೆಲ್ಲ ಅವನ ಜೊತೆ ನಕ್ಕ ಬಾಯಿಗಳು ಒಂದೊಂದಾಗಿ ಮುಚ್ಚಿದವು. ಅನುರಾಧಾ ಎದ್ದು ಒಳಗೆ ಹೋದಳು. ಒಳಗೆ ಪಾತ್ರೆ ಬಿದ್ದ ಸದ್ದಾಯಿತು.

ಭೀಮಾಶಂಕರ ಒಂದು ಹೆಜ್ಜೆ ಮುಂದೆ ಬಂದ. ಬೇರೆ ಸಮಯ ಸಿಗುವಂತಿರಲಿಲ್ಲ. “ಬಾಯಾರ, ನಮ್ಮ ಅಕ್ಕ ನಾಳೆ ಬರಾಕತ್ತಾಳ್ರಿ. ಕಣ್ಣಿನ ಆಪರೇಶನ್ ಐತಿ. ಒಂದೀಟು ದಿನ…”

“ಬರ್ಲಿ ಬಿಡಪಾ” ಎಂದರು ಉಮಾಬಾಯಿ ಉದಾರವಾಗಿ. “ಬೇಕಾದಷ್ಟು ದಿನ ಇರಲಿ, ಬೇಕಾದಷ್ಟು ನೀರು ಹಾಕ್ಕೊಳ್ಳಲಿ. ಮತ್ತ ಯಾರರ ಇದ್ರ ಅವರನ್ನೂ ಕರಸು. ಕೆಡವೋ ಮನಿಗೆ ಕಾನೂನು ಎಂಥಾದ್ದು? ಜೆಸಿಬಿ ಬರೂತನಕ ನಾ ಯಾರನ್ನೂ ಏನೂ ಕೇಳಾಂಗಿಲ್ಲ.”

ಭೀಮಾಶಂಕರ ಪೇಡಾ ಹಿಡಿದುಕೊಂಡು ನಿಂತ. ಯಾರು ಬಂದರೂ ಯಾರೂ ಕೇಳದ ಮನೆ ಕೊನೆಗೂ ಸಿಕ್ಕಿತ್ತು, ನಾರಾಯಣಗೂಡದಲ್ಲೇ, ಹಳೇ ಬಾಡಿಗೆಗೇ. ಅಕ್ಕ ಕಪ್ಪು ಕನ್ನಡಕ ತೆಗೆದು ಹೊಸ ಕಣ್ಣಿನಿಂದ ತಮ್ಮನ ಸಂಸಾರ ನೋಡುವ ಹೊತ್ತಿಗೆ ಅದು ಬೀದಿಯಲ್ಲಿ ಸಾಮಾನು ಕಟ್ಟಿಕೊಂಡು ಕೂತಿರುತ್ತದೆ.

ಮೊದಲು ಅವನ ಹೊಟ್ಟೆ ಅಲುಗಿತು, ಆಮೇಲೆ ಹೆಗಲು. ಸುವರ್ಣಾ ಬಾಗಿಲು ತೆರೆದು, “ಏನಾತ್ರಿ, ಯಾಕ ಅಳಾಕತ್ತೀರಿ” ಎಂದು ಓಡಿ ಬಂದಳು. ಅವನು ಅಳುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತು, ಪಕ್ಕದಲ್ಲಿ ಮುಖ ಮುಚ್ಚಿಕೊಂಡಿದ್ದ ಮಹೇಶನ ಬೆನ್ನಿಗೆ ಗುದ್ದಿ ಗುದ್ದಿ ನಗುತ್ತಿದ್ದ. ಆ ದಿನ ಆ ಅಂಗಳದಲ್ಲಿ ಅಷ್ಟು ಜೋರಾಗಿ ಯಾರೂ ನಕ್ಕಿರಲಿಲ್ಲ.